ಯರ್ರಮ್ಮನಿಗೆ ಬುದ್ಧಿ ಇದೆಯೆಂಬ ಕಾಗದ

ಯರ್ರಮ್ಮನಿಗೆ ಬುದ್ಧಿಯಿಲ್ಲವೆಂದು ಎಂಟು ತಿಂಗಳು ಊರಿಗೆಲ್ಲ ಹೇಳಿಕೊಂಡು ಬಂದ ಮನೆಯವರಿಗೆ, ಬುದ್ಧಿ ಇದೆಯೆಂದು ಒಂದು ಕಾಗದ ಬೇಕಾಯಿತು.

ಬೇಕಾದದ್ದು ಹೀಗೆ. ಮೊಳಕಾಲ್ಮೂರಿನ ದೊಡ್ಡ ರಸ್ತೆಗೆ ಮುಖ ಮಾಡಿಕೊಂಡು ಯರ್ರಮ್ಮನ ಮಗ್ಗದ ಮನೆ ಇದೆ. ಒಂದೇ ಕೋಣೆ. ನೆಲದಲ್ಲಿ ಗುಂಡಿ, ಗುಂಡಿಯ ಮೇಲೆ ಮಗ್ಗ, ಪಕ್ಕದಲ್ಲಿ ಅವಳ ಮಂಚ. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದು ತಾನೇ ಕೊಂಡು ತನ್ನ ಹೆಸರಿಗೇ ಮಾಡಿಸಿಕೊಂಡ ಕೋಣೆ ಅದು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ಅವಳನ್ನು ಅಲ್ಲೇ ಮಲಗಿಸಿದ್ದರು. ಅದರ ಹಿಂದಿನ ಮನೆಯಲ್ಲಿ ಹಿರಿಯ ಮಗ ವೀರೇಶ, ಸೊಸೆ ವನಜಾಕ್ಷಿ, ಡಿಗ್ರಿ ಓದುತ್ತಿದ್ದ ಮೊಮ್ಮಗಳು ಕಾವ್ಯ. ಕಿರಿಯ ಮಗ ಗೋವರ್ಧನ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೇಸ್ತ್ರಿ. ಮಗ್ಗ ಕಿತ್ತು, ಗುಂಡಿ ಮುಚ್ಚಿ, ಎರಡು ಷಟರ್ ಹಾಕಿಸಿ ಅಂಗಡಿಗೆ ಕೊಡಬೇಕೆಂಬುದು ಅಣ್ಣತಮ್ಮಂದಿರ ಯೋಚನೆ. ಹುಟ್ಟಿದಾಗಿನಿಂದ ಇಬ್ಬರೂ ಒಪ್ಪಿಕೊಂಡ ವಿಷಯ ಅದೊಂದೇ. ಮುದುಕಿಯನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಹಾಕುವುದೆಂದೂ ತೀರ್ಮಾನವಾಗಿತ್ತು. ಕೊಟ್ಟಿಗೆಗೆ ಸುಣ್ಣ ಹೊಡೆಸುತ್ತೇನೆಂದು ವೀರೇಶ ಹೇಳುವಾಗ ಅವನ ಮುಖದಲ್ಲಿ ದಾನ ಮಾಡುವವನ ಕಳೆ ಇರುತ್ತಿತ್ತು.

ಪತ್ರ ಬರೆಯುವ ಮುರುಗೇಂದ್ರಪ್ಪನಿಂದ ದಾನಪತ್ರ ಬರೆಸಿಕೊಂಡು, ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಮಕ್ಕಳು ಆಚೀಚೆ ಹಿಡಿದು ನೋಂದಣಿ ಕಚೇರಿಗೆ ಹೊತ್ತೊಯ್ದರು. ದಾರಿಯಲ್ಲಿ ನೋಡಿದವರು, ಎಂಥ ಮಕ್ಕಳಪ್ಪ, ಎಂದರು.

ನೋಂದಣಿ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಮುದುಕಿಯ ಕಡೆ ಬಾಗಿದರು.

"ಅಮ್ಮಾ, ನಿಮ್ಮ ಮಗ್ಗದ ಮನೆ ಮಕ್ಕಳಿಗೆ ಬರೆದು ಕೊಡ್ತಿದ್ದೀರಿ. ಗೊತ್ತೈತಾ?"

ಯರ್ರಮ್ಮ ಫ್ಯಾನು ನೋಡುತ್ತಿದ್ದಳು.

"ಹೂಂ ಅಂತು ಸಾರ್" ಎಂದ ಗೋವರ್ಧನ.

"ಬಾಯೇ ತೆರೀಲಿಲ್ಲ ಕಣ್ರಿ ಅವರು."

"ಮನಸ್ಸಲ್ಲೇ ಅಂತೈತೆ ಸಾರ್."

ವೀರೇಶ ಅವ್ವನ ಎಡಗೈ ಹೆಬ್ಬೆರಳು ಹಿಡಿದು ಬೆರಳಚ್ಚಿನ ಯಂತ್ರದ ಕಡೆ ಎಳೆಯುತ್ತಿದ್ದಂತೆ ಸಾಹೇಬರು ಯಂತ್ರವನ್ನೇ ತಮ್ಮ ಕಡೆಗೆ ಸರಿಸಿಕೊಂಡರು. "ಇವರಿಗೆ ಬುದ್ಧಿ ಸ್ವಾಧೀನದಲ್ಲೈತೆ ಅಂತ ದೊಡ್ಡ ಡಾಕ್ಟರ ಹತ್ರ ಕಾಗದ ತನ್ನಿ. ಆಮೇಲೆ ಮಾತಾಡಾಣ."

ಕುರ್ಚಿ ಮತ್ತೆ ಮನೆಗೆ ಬಂತು. ಈ ಸಲ ಅಣ್ಣತಮ್ಮಂದಿರು ಅದನ್ನು ಹೊತ್ತ ರೀತಿ ನೋಡಿ ಯಾರೂ ಏನೂ ಹೇಳಲಿಲ್ಲ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಊಟಕ್ಕೆ ಕೂತಲ್ಲೇ ಜಗಳ ಹತ್ತಿತು.

"ಒಂದು ಹೂಂ ಅಂದಿದ್ರೆ ಮುಗೀತಿತ್ತು" ಎಂದ ಗೋವರ್ಧನ, ಮುದ್ದೆ ಮುರಿಯುತ್ತ. "ಬಾಯಿದ್ದಾಗ ಊರೆಲ್ಲ ಕೇಳಂಗೆ ಕೂಗ್ತಿತ್ತು. ಬೇಕಾದಾಗ ಒಂದು ಹೂಂ ಇಲ್ಲ."

"ಕಲ್ಲು ಅಂತ ನೀವೇ ಅಲ್ವಾ ಹೇಳಿದ್ದು" ಎಂದಳು ವನಜಾಕ್ಷಿ, ಸಾರು ಬಡಿಸುತ್ತ. "ನೆಂಟರು ನೋಡಾಕೆ ಬಂದಾಗೆಲ್ಲ, ಒಳಗೆ ಹೋಗಬೇಡ್ರಿ, ಅದಕ್ಕೆ ಏನೂ ತಿಳಿಯಲ್ಲ, ಕಲ್ಲು ಬಿದ್ದಂಗೆ ಬಿದ್ದೈತೆ ಅಂತ. ಈಗ ಕಲ್ಲಿಗೆ ಸರ್ಟಿಫಿಕೇಟ್ ತರಾಕೆ ಹೊಂಟೀರಿ."

"ನೀನು ಸುಮ್ನಿರು" ಎಂದ ವೀರೇಶ. "ನಿನಗೊಂದು ಷಟರ್ ಬೇಕೋ ಬ್ಯಾಡ್ವೋ?"

ವನಜಾಕ್ಷಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. ಒಂದು ಷಟರ್ ಅವಳ ಹೊಲಿಗೆ ಅಂಗಡಿಗೆಂದು ಮಾತಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಚಳ್ಳಕೆರೆಯ ಶೇಂಗಾ ಎಣ್ಣೆ ವ್ಯಾಪಾರದವರ ಮನೆಯಿಂದ ಸೊಸೆಯಾಗಿ ಬಂದವಳು ಅವಳು. ಬಂದ ಮೂರನೇ ದಿನ ಮಗ್ಗದ ಹತ್ತಿರ ಹೋಗಿ ಹಾಸಿನ ಎಳೆ ಮುಟ್ಟಿದ್ದಕ್ಕೆ ಯರ್ರಮ್ಮ ಬೀದಿಯವರೆದುರು, "ಎಣ್ಣೆ ಕೈ ತೆಗಿ. ನಿಮ್ಮಪ್ಪನ ಗಾಣ ಅಂದ್ಕೊಂಡೆಯಾ ಇದನ್ನ?" ಎಂದಿದ್ದಳು. ಆಮೇಲೆ ಯರ್ರಮ್ಮನ ಬಾಯಲ್ಲಿ ವನಜಾಕ್ಷಿಗೆ ಹೆಸರೇ ಇರಲಿಲ್ಲ, ಬರೀ ಎಣ್ಣೆ ಮಿಲ್ಲು. ಎಣ್ಣೆ ಮಿಲ್ಲು ಎದ್ದೈತಾ. ಎಣ್ಣೆ ಮಿಲ್ಲು ಉಂಡೈತಾ. ಈಗ ಆ ಎಣ್ಣೆ ಕೈಯೇ ದಿನಾ ಅವಳ ಮೈ ತೊಳೆದು, ಬಟ್ಟೆ ಬದಲಿಸಿ, ತುತ್ತು ಕಲಸಿ ತಿನ್ನಿಸುತ್ತಿತ್ತು. ತಿನ್ನಿಸುವಷ್ಟು ಹೊತ್ತೂ ಬಾಯಿ ಬೈಯುತ್ತಿತ್ತು.

"ಅತ್ತೆ, ನುಂಗು. ನಿನ್ನ ಮಕ್ಕಳು ಬಂದು ತಿನ್ನಸ್ತಾರೆ ಅಂತ ಕಾಯಬ್ಯಾಡ. ಹೊರಳು ಈ ಕಡೆ. ಅಯ್ಯೋ, ಮಹಾರಾಣಿ, ಸೊಂಟ ಎತ್ತು ಒಂಚೂರು."

ಗಂಡಸರು ಬೈಯುತ್ತಿರಲಿಲ್ಲ. ಅವಳನ್ನು ದಾಟಿಕೊಂಡು ಮಾತಾಡುತ್ತಿದ್ದರು. ಮಂಚದ ತುದಿಯಲ್ಲೇ ಕೂತು ಷಟರಿನ ಅಳತೆ, ಮಗ್ಗದ ಕಟ್ಟಿಗೆ ಯಾರಿಗೆ ಕೊಡುವುದು, ಎಲ್ಲವನ್ನೂ ಮಾತಾಡುತ್ತಿದ್ದರು. ಮಾತಿನ ನಡುವೆ ಗೋವರ್ಧನ ಒಗೆದ ಟವೆಲನ್ನು ಒಮ್ಮೊಮ್ಮೆ ಮುದುಕಿಯ ಕಾಲ ಮೇಲೆ ಹರವುತ್ತಿದ್ದ, ಹಗ್ಗದ ಮೇಲೆ ಹರವಿದ ಹಾಗೆ.

ಅಜ್ಜಿಗೆ ಎಲ್ಲ ತಿಳಿಯುತ್ತದೆ ಎಂದು ಹೇಳುತ್ತಿದ್ದವಳು ಕಾವ್ಯ ಒಬ್ಬಳೇ. ಚಿಕ್ಕಂದಿನಿಂದ ಅಜ್ಜಿಯ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕತೆ ಕೇಳಿ ಬೆಳೆದ ಹುಡುಗಿ. ಅಜ್ಜಿಯ ಮಾತು ನಿಂತ ಮೇಲೆ ಆ ಕತೆಗಳನ್ನು ಅವಳೇ ಅಜ್ಜಿಗೆ ಹೇಳತೊಡಗಿದ್ದಳು. ಅವುಗಳಲ್ಲೊಂದು ನವಣೆಕಾಳು ಹೊತ್ತ ಇರುವೆಯದು. ಆ ಇರುವೆ ಗಂಡನ ಮನೆಗೆ ಒಂದು ಕಾಳು ಹೊತ್ತುಕೊಂಡು ಜಟಿಂಗ ರಾಮೇಶ್ವರ ಬೆಟ್ಟ ಹತ್ತುತ್ತದೆ. ಏಳು ಬಂಡೆ ದಾಟಬೇಕು. ಐದನೇ ಬಂಡೆಯಲ್ಲಿ ಹಲ್ಲಿ ಎದುರಾಗುತ್ತದೆ. ಒಂದು ದಿನ ಕಾವ್ಯ ಮರೆತು, ಮೂರನೇ ಬಂಡೆಯಲ್ಲಿ ಹಲ್ಲಿ ಬಂತು, ಎಂದಳು. ಅಜ್ಜಿಯ ಎಡಗೈ ತೋರುಬೆರಳು ಮಂಚದ ಪಟ್ಟಿಯನ್ನು ಟಕ್ ಎಂದು ಬಡಿಯಿತು. ಮರುದಿನ ಬೇಕೆಂದೇ ತಪ್ಪು ಹೇಳಿದಳು. ಮತ್ತೆ ಟಕ್. ಸರಿ ಹೇಳಿದ ದಿನ ಬೆರಳು ಅಲ್ಲಾಡಲಿಲ್ಲ.

"ಅಪ್ಪ, ಬಂದು ನೋಡು" ಎಂದಳು.

ವೀರೇಶ ಬಾಗಿಲಲ್ಲೇ ನಿಂತ. "ನೊಣ ಕೂತಿರ್ಬೇಕು."

"ತಪ್ಪು ಹೇಳಿದಾಗ್ಲೇ ಕೂತ್ಕೊಳ್ಳೋ ನೊಣನಾ?"

"ಇಪ್ಪತ್ತು ವರ್ಷದ ಹುಡುಗಿ, ಇರುವೆ ಕತೆ ಹೇಳ್ಕೊಂಡು ಕೂತೀಯಲ್ಲ. ಹೋಗಿ ನಿಮ್ಮಮ್ಮನಿಗೆ ಕೈ ಕೊಡು."

ನೋಂದಣಿ ಕಚೇರಿಯಿಂದ ಬಂದ ಮೂರನೇ ದಿನಕ್ಕೆ ಅದೇ ವೀರೇಶ, "ಆ ಬೆರಳಿನ ವಿಷಯ ಏನೋ ಅಂತಿದ್ಯಲ್ಲ, ಅದನ್ನ ಡಾಕ್ಟರ ಮುಂದೆ ಹೇಳು" ಎಂದು ಮಗಳನ್ನು ಸ್ಕೂಟರ್ ಹತ್ತಿಸಿಕೊಂಡ. ಊರಿನ ಡಾಕ್ಟರು ಕೇಳಿಸಿಕೊಂಡರು. ಮಾತಿಲ್ಲ ಎಂದು ಬರೆಯಬಲ್ಲೆ, ಬುದ್ಧಿ ಇದೆ ಎಂದು ಬರೆಯಲಾರೆ ಎಂದರು. ದಾವಣಗೆರೆಯ ಒಂದು ನರರೋಗದ ಆಸ್ಪತ್ರೆಯಲ್ಲಿ ತಲೆಗೆ ಟೋಪಿ ಹಾಕಿ ಮಿದುಳಿನ ಅಲೆ ಹಿಡಿಯುವ ಪರೀಕ್ಷೆ ಇದೆ, ರೋಗಿ ಬಾಯಿ ಬಿಡದಿದ್ದರೂ ಗಮನ ಕೊಡುತ್ತಿದ್ದಾರೋ ಇಲ್ಲವೋ ಅದರಲ್ಲಿ ಕಾಣುತ್ತದೆ ಎಂದು ಚೀಟಿ ಬರೆದುಕೊಟ್ಟರು.

ಹೊರಡುವ ಬೆಳಿಗ್ಗೆ ವನಜಾಕ್ಷಿ ಅತ್ತೆಯ ತಲೆಗೆ ಒಂದು ಬಟ್ಟಲು ಹರಳೆಣ್ಣೆ ಹಾಕಿ ತಟ್ಟಿ, ಗಟ್ಟಿಯಾಗಿ ಜಡೆ ಹಾಕಿದಳು.

"ಎಣ್ಣೆ ಹಚ್ಚಬೇಡಿ ಅಂತ ಫೋನಲ್ಲಿ ಹೇಳಿದ್ರು ಅಮ್ಮ" ಎಂದಳು ಕಾವ್ಯ.

"ದೊಡ್ಡಾಸ್ಪತ್ರೆಗೆ ಒಣತಲೇಲಿ ಕಳಿಸಿದ್ರೆ ಸೊಸೆ ನೋಡ್ಕೊಳ್ಳಲ್ಲ ಅಂತಾರೆ. ಹೇಳಿಸ್ಕೊಳ್ಳೋದು ನಾನು, ನೀನಲ್ಲ."

ಹೀಗಾಗಿ ದಾವಣಗೆರೆಯಲ್ಲಿ ಮೊದಲ ಒಂದು ಗಂಟೆ ಯರ್ರಮ್ಮನ ತಲೆ ತೊಳೆಯುವುದರಲ್ಲೇ ಹೋಯಿತು. ಟೆಕ್ನಿಷಿಯನ್ ಹುಡುಗಿ ಮೂರು ಸಲ ಶಾಂಪೂ ಹಾಕಿ, ಇದೇನ್ರಿ ಗಾಣಕ್ಕೆ ಹಾಕಿ ತೆಗೆದು ತಂದಿದ್ದೀರಾ, ಎಂದಳು. ಗೋವರ್ಧನ ನಕ್ಕು, ನಮ್ಮ ಅತ್ತಿಗೆ ಚಳ್ಳಕೆರೆಯವರು ಮೇಡಂ, ಎಂದ. ತಾನೂ ಚಳ್ಳಕೆರೆಯಲ್ಲೇ ಎಣ್ಣೆಯ ಅನ್ನ ತಿನ್ನುತ್ತಿರುವುದು ಆ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲ.

ಡಾಕ್ಟರಮ್ಮ ನಡುವಯಸ್ಸಿನವರು, ಮೆಲುದನಿಯವರು. ಬಿಳಿ ಟೋಪಿಯ ತುಂಬ ಪುಟ್ಟ ಬಿಲ್ಲೆಗಳು, ಪ್ರತಿ ಬಿಲ್ಲೆಯಿಂದ ಒಂದು ತಂತಿ. ಕೂದಲ ನಡುವೆ ಜೆಲ್ ಹಚ್ಚಿ ಟೋಪಿ ಹಾಕಿ, ಕಿವಿಗೆ ಹೆಡ್‌ಫೋನು ಇಟ್ಟು ವಿವರಿಸಿದರು.

"ಇದರಲ್ಲಿ ಸಣ್ಣ ಶಬ್ದ ಬರ್ತಾನೇ ಇರುತ್ತೆ, ಟಿಣ್ ಟಿಣ್ ಅಂತ. ಅದರ ಮಧ್ಯೆ ಎಲ್ಲೋ ಒಂದೊಂದು ಸಲ ದಪ್ಪ ಶಬ್ದ ಬರುತ್ತೆ. ಆ ದಪ್ಪ ಶಬ್ದಗಳನ್ನ ಮಾತ್ರ ಮನಸ್ಸಲ್ಲೇ ಎಣಿಸಬೇಕು. ಗಮನ ಇಟ್ಟು ಎಣಿಸಿದರೆ ಆ ಶಬ್ದ ಬಂದು ಒಂದು ಸೆಕೆಂಡು ಆಗೋದರೊಳಗೆ ಮಿದುಳಿನ ಅಲೆ ಮೇಲಕ್ಕೇಳುತ್ತೆ. ಅದು ನಮಗೆ ಪರದೆ ಮೇಲೆ ಕಾಣುತ್ತೆ. ಅಮ್ಮನಿಗೆ ಕನ್ನಡ ಬರುತ್ತಾ?"

"ಬರ್ತೈತೆ. ಆದ್ರೆ ತವರು ರಾಯದುರ್ಗ, ನಮ್ಮ ಹತ್ರ ತೆಲುಗೇ ಜಾಸ್ತಿ" ಎಂದ ವೀರೇಶ.

"ಹಾಗಾದರೆ ನೀವೇ ಅವರ ಭಾಷೇಲಿ ಹೇಳಿ."

ವೀರೇಶ ಮಂಚದ ಮೇಲೆ ಬಾಗಿದ. ತಂತಿ ಸುತ್ತಿಕೊಂಡ ಅವ್ವನ ಮುಖ ನೋಡಿದ. ಪರದೆಯ ಆಚೆ ಟೆಕ್ನಿಷಿಯನ್ ಹುಡುಗಿ, ಈಚೆ ಡಾಕ್ಟರಮ್ಮ. ಕಲ್ಲಿನಂತೆ ಬಿದ್ದವಳ ಮುಂದೆ ಶಬ್ದ ಎಣಿಸು ಎಂದು ವಿವರಿಸುತ್ತ ನಿಲ್ಲಲು ಅವನಿಗೆ ನಾಚಿಕೆಯಾಯಿತು. "ಪಡುಕೋ ಅಮ್ಮಾ" ಎಂದ, ಮಲಗು ಎಂದು. ಹೆಗಲು ತಟ್ಟಿ ಹಿಂದೆ ಸರಿದ.

ಯರ್ರಮ್ಮ ಹೇಳಿದಂತೆ ಕಣ್ಣು ಮುಚ್ಚಿ ಮಲಗಿದಳು.

ಇಪ್ಪತ್ತು ನಿಮಿಷದ ಮೇಲೆ ಡಾಕ್ಟರಮ್ಮ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. ದಪ್ಪ ಶಬ್ದಕ್ಕೂ ಸಣ್ಣ ಶಬ್ದಕ್ಕೂ ಅಲೆ ಒಂದೇ ತೆರನಾಗಿ, ಕಣದ ನೆಲದಂತೆ ಸಪಾಟಾಗಿ ಬಂದಿತ್ತು.

"ಎಣಿಸೋಕೆ ಹೇಳಿದ್ರಾ?"

"ಹೇಳ್ದೆ ಮೇಡಂ" ಎಂದ ವೀರೇಶ.

ಬಾಗಿಲ ಬಳಿ ನಿಂತಿದ್ದ ಕಾವ್ಯ ಒಳಗೆ ಬಂದಳು. "ಇಲ್ಲ ಮೇಡಂ. ಮಲಗು ಅಂತ ಹೇಳಿದ್ರು."

"ನೀನ್ಯಾಕೆ ಬಂದೆ ಒಳಗೆ?"

"ನೀನು ಹೇಳಿದ್ದು ಕೇಳಿಸ್ತು ಅಪ್ಪ. ಪಡುಕೋ ಅಂದೆ. ಅಜ್ಜಿ ಮಲಗಿದ್ರು."

ಡಾಕ್ಟರಮ್ಮ ವೀರೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾನು ಪರೀಕ್ಷೆ ಮಾಡ್ತಿರೋದು ಅಮ್ಮನಿಗೆ. ನಿಮಗೆ ಮಾಡಬೇಕಾಗಿದ್ರೆ ಬೇರೆ ಚೀಟಿ ತರಬೇಕಿತ್ತು." ಅವನನ್ನು ಹೊರಗೆ ಕಳಿಸಿ ಕಾವ್ಯಳನ್ನು ಕರೆದರು.

ಕಾವ್ಯ ಅಜ್ಜಿಯ ಕಿವಿಯ ಹೆಡ್‌ಫೋನು ಎತ್ತಿ ಅಜ್ಜಿಯ ತೆಲುಗಿನಲ್ಲೇ ಹೇಳಿದಳು. ಬುಟ್ಟಾ ಸೀರೆ ನೇಯುವಾಗ ಬರೀ ಎಳೆ ಬಿಟ್ಟು ಬುಟ್ಟಾದ ಎಳೆ ಮಾತ್ರ ಲೆಕ್ಕ ಇಡುತ್ತಿದ್ದೆಯಲ್ಲ, ಹಾಗೆಯೇ. ಸಣ್ಣ ಶಬ್ದ ಬರೀ ಎಳೆ. ದಪ್ಪ ಶಬ್ದ ಬುಟ್ಟಾ. ಬುಟ್ಟಾ ಲೆಕ್ಕಪೆಟ್ಟು, ಬುಟ್ಟಾ ಎಣಿಸು ಎಂದು.

ಯರ್ರಮ್ಮನ ಎಡಗಡೆಯ ಹುಬ್ಬು ಮೇಲೇರಿತು. ಕೆಲಸ ಗೊತ್ತಿಲ್ಲದವರು ಕೆಲಸ ಹೇಳಿಕೊಡಲು ಬಂದಾಗ ಏರುತ್ತಿದ್ದ ಹುಬ್ಬು ಅದು.

ಈ ಸಲ ಅವಳು ಕಣ್ಣು ತೆರೆದೇ ಇದ್ದಳು. ಪರದೆಯಲ್ಲಿ ಸಣ್ಣ ಶಬ್ದಗಳಿಗೆ ಅಲೆ ನೆಲ ಬಿಟ್ಟು ಏಳಲಿಲ್ಲ. ದಪ್ಪ ಶಬ್ದಗಳನ್ನೆಲ್ಲ ಕೂಡಿಸಿ ನೋಡಿದಾಗ ಅಲೆ ಗುಡ್ಡದ ಹಾಗೆ ಎದ್ದಿತ್ತು.

"ಅಲೆ ಏಳೋದು ಸ್ವಲ್ಪ ತಡ" ಎಂದರು ಡಾಕ್ಟರಮ್ಮ. "ಈ ವಯಸ್ಸಿಗೆ, ಈ ಪೆಟ್ಟಿಗೆ, ಅಷ್ಟು ತಡ ಸಹಜ. ಆದರೆ ಎಣಿಸ್ತಿದ್ದಾರೆ. ಮಧ್ಯೆ ಬಿಟ್ಟಿಲ್ಲ."

ಕಾವ್ಯ ಇರುವೆ ಕತೆಯ ಬೆರಳಿನ ವಿಷಯ ಹೇಳಿದಾಗ ಅವರು ನಕ್ಕರು. "ನೀನೂ ಇದನ್ನೇ ಮಾಡಿದ್ದೀಯ. ನಿನ್ನ ಹತ್ರ ಟೋಪಿ ಇರಲಿಲ್ಲ, ಅಷ್ಟೆ."

ಅಲೆಯೊಂದರಿಂದಲೇ ಎಲ್ಲ ಹೇಳಲಾಗದೆಂದು ಅವರು ಇನ್ನೂ ಒಂದು ಗಂಟೆ ಕೂತರು. ತಲೆಯಾಡಿಸಲು ಹೇಳಿದರೆ ಹೌದು ಅಲ್ಲ ಎರಡೂ ಕಲಸಿಹೋಗುತ್ತಿತ್ತು. ಕಣ್ಣು ಮುಚ್ಚುವುದು ಮಾತ್ರ ಅವಳ ಹಿಡಿತದಲ್ಲಿತ್ತು. ಹೌದಾದರೆ ಒಂದು ಸಲ ಮುಚ್ಚಿ, ಅಲ್ಲವಾದರೆ ಎರಡು ಸಲ, ಎಂದರು. ನಿಮ್ಮ ಹೆಸರು ಹೊನ್ನಕ್ಕನಾ? ಎರಡು ಸಲ. ಯರ್ರಮ್ಮನಾ? ಒಂದು ಸಲ. ರೇಷ್ಮೆ ಗಿಡದ ಮೇಲೆ ಬಿಡುವ ಹಣ್ಣಾ? ಯರ್ರಮ್ಮ ಡಾಕ್ಟರಮ್ಮನನ್ನು ಒಂದು ಕ್ಷಣ ನೋಡಿ ಆಮೇಲೆ ಎರಡು ಸಲ ಮುಚ್ಚಿದಳು. ಇಪ್ಪತ್ತು ಪ್ರಶ್ನೆಗೆ ಹದಿನೆಂಟು ಸರಿಯಾದವು.

ಕಾಗದ ಸಿದ್ಧವಾಯಿತು. ಮಾತಿಲ್ಲ. ಗಮನವಿದೆ, ಕೇಳಿದ್ದು ತಿಳಿಯುತ್ತದೆ, ಕಣ್ಣು ಒಂದು ಸಲ ಮುಚ್ಚಿ ಹೌದು, ಎರಡು ಸಲ ಮುಚ್ಚಿ ಅಲ್ಲ ಎಂದು ಹೇಳಬಲ್ಲರು. ಕೆಳಗೆ ಮೊಹರು.

"ಒಂದು ನೆನಪಿರಲಿ" ಎಂದರು ಡಾಕ್ಟರಮ್ಮ, ಕಾಗದವನ್ನು ವೀರೇಶನಿಗೆ ಕೊಡದೆ ಹಿಡಿದುಕೊಂಡು. "ಅಲೆ ನೋಡಿ ಅವರು ಎಚ್ಚರವಾಗಿ ಕೇಳ್ತಾರೆ ಅಂತ ಹೇಳಬಹುದು. ಅವರಿಗೆ ಏನು ಬೇಕು ಅಂತ ಅಲೆ ಹೇಳಲ್ಲ. ಅದನ್ನ ಅವರನ್ನೇ ಕೇಳಬೇಕು."

"ಅದೆಲ್ಲ ಮನೇಲಿ ನೋಡ್ಕೊಳ್ತೀವಿ ಮೇಡಂ" ಎಂದು ಗೋವರ್ಧನ ಕಾಗದ ಕಿತ್ತುಕೊಂಡಂತೆ ತೆಗೆದುಕೊಂಡ. ಮೊಹರನ್ನು ಬೆಳಕಿಗೆ ಹಿಡಿದು ನೋಡಿದ.

ಬಾಡಿಗೆ ಕಾರು ಚಿತ್ರದುರ್ಗ ದಾಟುವವರೆಗೂ ಅಣ್ಣತಮ್ಮಂದಿರು ಷಟರಿನ ಬಣ್ಣದ ಬಗ್ಗೆ ಮಾತಾಡುತ್ತಿದ್ದರು. ದಾಟಿದ ಮೇಲೆ ಗೋವರ್ಧನ ಕಾಗದವನ್ನು ಮತ್ತೊಮ್ಮೆ ಬಿಡಿಸಿ ಓದಿದ. ಸಣ್ಣ ದನಿಯಲ್ಲಿ, "ಅಣ್ಣ" ಎಂದ. "ಹಂಗಾದ್ರೆ ಇಷ್ಟು ದಿನಾನೂ ಕೇಳಿಸ್ತಿತ್ತಾ?"

ವೀರೇಶ ಕಿಟಕಿಯ ಗಾಜು ಇಳಿಸಿದ.

"ಉಗಾದಿ ದಿನ ನಾನು ಅಂದದ್ದು. ಹೋಗೋದಾದ್ರೆ ಭಾನುವಾರ ಹೋಗಲಿ, ಮಿಲ್ಲಿಗೆ ರಜಾ ಹಾಕೋದು ಬ್ಯಾಡ ಅಂತ."

"ಸುಮ್ನಿರಲೇ. ಈಗ್ಲೂ ಕೇಳಿಸ್ತೈತೆ."

ಇಬ್ಬರೂ ಹಿಂದಿನ ಸೀಟಿನ ಕಡೆ ತಿರುಗಿದರು. ಯರ್ರಮ್ಮ ಕಾವ್ಯಳ ಹೆಗಲಿಗೆ ಒರಗಿ, ಜೆಲ್ಲಿಗೆ ಅಂಟಿಕೊಂಡ ಕೂದಲಿನಲ್ಲಿ, ಅವರನ್ನೇ ನೋಡುತ್ತಿದ್ದಳು. ಎಂಟು ತಿಂಗಳಲ್ಲಿ ಆಡಿದ್ದೆಲ್ಲ ಕಾರಿನೊಳಗೆ ಬಂದು ಕೂತ ಹಾಗಾಯಿತು. ಮಗ್ಗದ ಕಟ್ಟಿಗೆಗೆ ಬಂದ ಗಿರಾಕಿ, ಸೌದೆ ಕೊಟ್ಟಿಗೆಯ ಇಲಿ, ತಿಥಿಗೆ ಯಾವ ಸ್ವೀಟು ಮಾಡಿಸಬೇಕೆಂಬ ವಾದ.

"ಅವ್ವ, ಎಳನೀರು ಕುಡೀತೀಯಾ?" ಎಂದ ಗೋವರ್ಧನ, ಜೇನು ಸುರಿಯುವ ದನಿಯಲ್ಲಿ. ಉತ್ತರ ನೋಡಲು ನಿಲ್ಲದೆ ಕಾರು ನಿಲ್ಲಿಸಿ ಎರಡು ಎಳನೀರು ತಂದ. ಒಂದನ್ನು ತಾನು ಕುಡಿದ, ಒಂದನ್ನು ಅಣ್ಣ ಕುಡಿದ.

ಮನೆಗೆ ಬಂದು ವಿಷಯ ಹೇಳಿದಾಗ ವನಜಾಕ್ಷಿ ಒಲೆಯ ಮುಂದಿನಿಂದ ಏಳಲಿಲ್ಲ.

"ನನಗೆ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಅದಕ್ಕೆ ಎಲ್ಲ ತಿಳೀತೈತೆ ಅಂತ. ಬೈದಾಗ ಮುಖ ಗಂಟಾಕ್ತಿತ್ತು. ತಿಳೀದವರನ್ನ ನಾನ್ಯಾಕೆ ಬೈಲಿ? ಗೋಡೆ ಬೈತೀನಾ ನಾನು, ಒಲೆ ಬೈತೀನಾ?"

"ಗೊತ್ತಿದ್ದು ಹೇಳಲಿಲ್ವಲ್ಲೇ."

"ನನ್ನ ಮಾತು ಯಾವತ್ತು ನೆಟ್ಟಗೆ ಕಿವಿಗೆ ಹಾಕ್ಕೊಂಡಿದ್ರಿ ನೀವು."

ಮರುದಿನದಿಂದ ಮನೆಯಲ್ಲಿ ಭಕ್ತಿ ಉಕ್ಕಿತು. ಟೇಬಲ್ ಫ್ಯಾನು ವೀರೇಶನ ಕೋಣೆಯಿಂದ ಮಗ್ಗದ ಮನೆಗೆ ನಡೆದುಬಂತು. ಬೆಳಿಗ್ಗೆ ಹಲ್ಲುಜ್ಜಿ ಅವನು ಮೊದಲು ಅವ್ವನ ಮುಂದೆ ಬಂದು ನಿಂತು, ಆರಾಮಾಗಿದ್ದೀಯಾ, ಎನ್ನುತ್ತಿದ್ದ. ಭಾನುವಾರ ಗೋವರ್ಧನ ಚಳ್ಳಕೆರೆಯಿಂದ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಒಂದು ಕಂಬಳಿ ತಂದ. ಏಪ್ರಿಲ್ ತಿಂಗಳು. ಕಂಬಳಿಯನ್ನು ಅವ್ವನ ಕುತ್ತಿಗೆಯವರೆಗೂ ಹೊದಿಸಿ, ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತ, "ನೀನು ನಮ್ಮನ್ನ ಹೆಂಗೆ ಸಾಕಿದೆ ಅವ್ವ" ಎಂದು ಕಣ್ಣು ಒರೆಸಿಕೊಂಡ. ಷಟರಿನ ಮಾತೆಲ್ಲ ಈಗ ಹಿತ್ತಲಿನಲ್ಲಿ, ನಲ್ಲಿ ಬಿಟ್ಟುಕೊಂಡು ನಡೆಯುತ್ತಿತ್ತು.

ವನಜಾಕ್ಷಿ ಕಂಬಳಿ ಕಿತ್ತು ಮೂಲೆಗೆ ಎಸೆದಳು. "ಬೇಯಿಸ್ತಾನೆ ನಿನ್ನ ಮಗ. ಹೊರಳು ಅತ್ತೆ. ಬೆನ್ನು ನೆನೆದು ಹೋಗೈತೆ."

"ಅತ್ತಿಗೆ, ಸ್ವಲ್ಪ ನಯವಾಗಿ ಮಾತಾಡು. ಅವ್ವನಿಗೆ ತಿಳೀತೈತೆ" ಎಂದ ಗೋವರ್ಧನ.

"ಮೊನ್ನೆಯಿಂದ ತಿಳೀತಿರೋದು ನಿನಗೆ ಕಣಪ್ಪ, ಅದಕ್ಕಲ್ಲ. ನಯವಾಗಿ ಮಾತಾಡೋನು ಬಂದು ಈ ಬಟ್ಟೆ ಬದಲಿಸು. ನಾನು ಹೋಗಿ ಮಂಡಕ್ಕಿ ತಿಂತೀನಿ."

ಗೋವರ್ಧನನಿಗೆ ಬಸ್ಸಿನ ಹೊತ್ತಾಗಿತ್ತು.

ಕಾವ್ಯ ಆ ವಾರ ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು. ಅಜ್ಜಿಗೆ ಬುದ್ಧಿ ಇದೆಯೆಂದು ತೋರಿಸಿಕೊಡಲು ಹೋಗಿ, ಅಜ್ಜಿಯ ಕೋಣೆ ಕಸಿಯಲು ಬೇಕಾಗಿದ್ದ ಕಾಗದವನ್ನು ತಾನೇ ತಂದುಕೊಟ್ಟಿದ್ದಳು. ಬುಧವಾರ ರುಬ್ಬುವ ಕಲ್ಲಿನ ಮುಂದೆ ಅಮ್ಮನೆದುರು ಅದನ್ನು ಹೇಳಿದಳು.

"ಗೊತ್ತಾಯ್ತಲ್ಲ, ಸುಮ್ನೆ ರುಬ್ಬು" ಎಂದಳು ವನಜಾಕ್ಷಿ.

"ನಿನಗೆ ಷಟರ್ ಸಿಗ್ತೈತೆ ಅಂತ ಹಿಂಗೆ ಮಾತಾಡ್ತೀಯ."

"ಹೂಂ, ಸಿಗ್ತೈತೆ ಅಂತಾನೇ. ಇಪ್ಪತ್ತೆರಡು ವರ್ಷ ಈ ಮನೇಲಿ ನನ್ನದು ಅಂತ ಒಂದು ಮೊಳೆ ಹೊಡೆಯೋ ಜಾಗ ಇಲ್ಲ. ನಿಮ್ಮಜ್ಜಿ ಕೊಟ್ಟಳಾ? ನೀನು ಕತೆ ಕೇಳಿದೆ, ನಾನು ಎಣ್ಣೆ ಮಿಲ್ಲು ಅನ್ನಿಸ್ಕೊಂಡೆ."

ಕಾವ್ಯ ಕೈ ತೊಳೆದು ಎದ್ದುಹೋಗಿ ಅಜ್ಜಿಯ ಮಂಚದ ಬಳಿ ಕೂತು, ಶುಕ್ರವಾರ ಕಚೇರಿಯಲ್ಲಿ ಏನು ಓದುತ್ತಾರೆ, ಆಮೇಲೆ ಮಗ್ಗ ಎಲ್ಲಿಗೆ ಹೋಗುತ್ತದೆ, ಮಂಚ ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಯರ್ರಮ್ಮ ಒಮ್ಮೆಯೂ ಕಣ್ಣು ಮುಚ್ಚದೆ ಕೇಳಿದಳು.

ಶುಕ್ರವಾರ ಪ್ಲಾಸ್ಟಿಕ್ ಕುರ್ಚಿಗೆ ದಿಂಬು ಕಟ್ಟಿದ್ದರು. ವೀರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಗೋವರ್ಧನ ಸಾಕ್ಷಿಗೆಂದು ಮಿಲ್ಲಿನ ಇಬ್ಬರನ್ನು ಕರೆತಂದು, ನೋಂದಣಿ ಆದ ಮೇಲೆ ಹೋಟೆಲಿನಲ್ಲಿ ಊಟವೆಂದು ಹೇಳಿದ್ದ. ಬರಬೇಡವೆಂದರೂ ಕಾವ್ಯ ಬಂದಳು. ವನಜಾಕ್ಷಿಯೂ ಬಂದಳು, ಮಾತು ಕೊಟ್ಟ ಷಟರ್ ಪತ್ರ ಆಗುವುದನ್ನು ಕಣ್ಣಾರೆ ನೋಡಬೇಕೆಂದು.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. ಮುರುಗೇಂದ್ರಪ್ಪನ ಪತ್ರವನ್ನೂ ಓದಿದರು. ಮಿಕ್ಕವರನ್ನೆಲ್ಲ ಬಾಗಿಲ ತನಕ ಹಿಂದೆ ನಿಲ್ಲಿಸಿದರು.

"ಅಮ್ಮಾ, ನಾನು ಕೇಳೋದು ತಿಳೀತೈತಾ?"

ಒಂದು ಸಲ.

"ಇವರಿಬ್ಬರು ನಿಮ್ಮ ಮಕ್ಕಳಾ?"

ಸ್ವಲ್ಪ ತಡೆದು, ಒಂದು ಸಲ.

"ಈ ಪತ್ರದಲ್ಲಿ ನಿಮ್ಮ ಮಗ್ಗದ ಮನೇನ ಇವರಿಗೆ ದಾನ ಕೊಟ್ಟಿದೀನಿ ಅಂತ ಬರೆದೈತೆ. ಕೊಡ್ತೀರಾ?"

ಯರ್ರಮ್ಮ ಕಣ್ಣು ಮುಚ್ಚಿದಳು. ಗೋವರ್ಧನನ ಬಾಯಿಂದ, "ಆಯ್ತು" ಎಂದು ಹೊರಟಿತು. ಅವಳು ಕಣ್ಣು ತೆರೆದು ಇನ್ನೊಂದು ಸಲ ಮುಚ್ಚಿದಳು.

ಸಾಹೇಬರು ಬೇರೆ ದಿಕ್ಕಿನಿಂದ ಕೇಳಿ ನೋಡಿದರು. "ಆ ಮನೆ ನಿಮ್ಮ ಹತ್ರಾನೇ ಇರಲಾ?"

ಒಂದು ಸಲ. ಬಿಗಿಯಾಗಿ.

"ಸಾರ್, ಏನ್ ಸಾರ್ ಇದು" ಎಂದು ಗೋವರ್ಧನ ಮುಂದೆ ಬಂದ. "ವಯಸ್ಸಾದೋರು ರೆಪ್ಪೆ ಬಡಿತಾರೆ. ಅದನ್ನೆಲ್ಲ ಲೆಕ್ಕಕ್ಕೆ ತಗೊಳ್ತೀರಾ? ಅದಕ್ಕೆ ತಲೆ ನೆಟ್ಟಗಿಲ್ಲ ಸಾರ್, ಇಡೀ ಬೀದಿಗೆ ಗೊತ್ತು."

ಸಾಹೇಬರು ಮೊಹರಿನ ಕಾಗದವನ್ನು ಅವನ ಕಡೆಗೆ ತಿರುಗಿಸಿ ಇಟ್ಟರು.

"ಇದನ್ನ ತಂದೋರು ಯಾರು?"

ಗೋವರ್ಧನ ಕಾಗದದ ಕಡೆ ಕೈ ಚಾಚಿದ. ಸಾಹೇಬರು ಅದನ್ನು ತಮ್ಮ ಕಡತದೊಳಗೆ ಹಾಕಿ ದಾರ ಕಟ್ಟಿದರು. "ಇದು ಇಲ್ಲೇ ಇರ್ತೈತೆ. ನಾಳೆ ಇನ್ಯಾರಾದ್ರೂ ಬುದ್ಧಿ ಇಲ್ಲ ಅಂತ ಬಂದ್ರೆ ಬೇಕಾಗ್ತೈತೆ. ಮುಂದಿನವರನ್ನ ಕಳಿಸ್ರಿ."

ಸಾಕ್ಷಿಗೆ ಬಂದವರಲ್ಲೊಬ್ಬ, ಹಾಗಾದರೆ ಊಟ, ಎಂದ. ಗೋವರ್ಧನ ನೇರವಾಗಿ ಬಸ್ ಸ್ಟ್ಯಾಂಡಿಗೆ ನಡೆದ. ಕುರ್ಚಿಯ ಅವನ ಕಡೆಯನ್ನು ವನಜಾಕ್ಷಿ ಹಿಡಿದಳು. ದಾರಿಯುದ್ದಕ್ಕೂ ವೀರೇಶ ಗೊಣಗುತ್ತ ಬಂದ. ಟೋಪಿ ಹಾಕಿದ ಮೇಲೇ ಅವ್ವನ ತಲೆ ಕೆಟ್ಟದ್ದು. ತಂತಿ ಗಿಂತಿ ತಾಗಿರಬೇಕು. ಆ ಡಾಕ್ಟರಮ್ಮನ ಮೇಲೆ ಕೇಸು ಹಾಕಬೇಕು. ಅವನ ಮಾತು ಕೇಳಲು ಯಾರೂ ನಿಧಾನ ಮಾಡಲಿಲ್ಲ.

ಮಂಚದ ಮೇಲೆ ಅತ್ತೆಯನ್ನು ಇಳಿಸಿ, ಸೆರಗು ಸರಿಮಾಡಿ ವನಜಾಕ್ಷಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಾವ್ಯ ಬಾಗಿಲಲ್ಲಿದ್ದಳು.

"ಮಕ್ಕಳಿಗೆ ಕೊಡಲಿಲ್ಲ, ಸರಿ. ನನಗೆ? ಆ ಮೂಲೇಲಿ ಒಂದು ಹೊಲಿಗೆ ಮಿಷನ್ ಇಟ್ಕೊಳ್ಳಾಕೆ ಬಿಡ್ತೀಯಾ?"

ಯರ್ರಮ್ಮ ಅವಳನ್ನು ನೋಡಿದಳು. ಎರಡು ಸಲ ಮುಚ್ಚಿದಳು.

"ಮೊದಲೇ ಗೊತ್ತಿತ್ತು ನನಗೆ. ನಿನ್ನ ಸೊಕ್ಕಿಗೆ ಮಾತ್ರ ವಾಯು ಹೊಡೀಲಿಲ್ಲ" ಎಂದಳು ವನಜಾಕ್ಷಿ. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. "ಇಷ್ಟು ದಿನ ನಿನ್ನ ಮಗನ ಹೊಟ್ಟೆಗೆ ಅಂತ ಮಾಡಿದ ಸಪ್ಪೇನೇ ನಿನಗೂ ತಿನ್ನಿಸಿದೀನಿ. ಡಾಕ್ಟರು ಹೇಳಿದ್ರು ಅಂತಲ್ಲ, ಒಂದೊಂದು ಮನುಷ್ಯರಿಗೆ ಒಂದೊಂದು ಥರ ಮಾಡಾಕೆ ಯಾರ ಕೈಲಾಗ್ತೈತೆ ಅಂತ. ಖಾರ ಬೇಕಾ?"

ಯರ್ರಮ್ಮ ಕಣ್ಣು ಮುಚ್ಚಿದಳು. ಮುಚ್ಚಿದ್ದನ್ನು ಬಹಳ ಹೊತ್ತು ತೆರೆಯಲಿಲ್ಲ.

"ಜಾಸ್ತಿನಾ?"

ಒಂದು ಸಲ.

ವನಜಾಕ್ಷಿ ಒಳಗೆ ಹೋಗಿ ಹುರಿದ ಶೇಂಗಾ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒರಳಿಗೆ ಹಾಕಿ ಕುಟ್ಟತೊಡಗಿದಳು. ಘಾಟಿಗೆ ಕಾವ್ಯ ಕೆಮ್ಮಿದಳು. ಇಸ್ತ್ರಿ ಅಂಗಿಯಲ್ಲೇ ಗೋಡೆಗೆ ಒರಗಿ ಕೂತಿದ್ದ ವೀರೇಶ ಮೂಗು ಮುಚ್ಚಿಕೊಂಡ.

"ಅಷ್ಟು ಖಾರ ಹಾಕಬ್ಯಾಡ. ನನಗೆ ಹೊಟ್ಟೆ ಉರೀತೈತೆ."

"ನಿಮ್ಮನ್ನ ಯಾರು ಕೇಳಿದ್ರು" ಎಂದು ವನಜಾಕ್ಷಿ ಇನ್ನೆರಡು ಮೆಣಸಿನಕಾಯಿ ಮುರಿದು ಹಾಕಿದಳು.